ಕುದುರೆಯಿಂದ ಇಳಿಯದ ರಾಣಿ

ಪುಸ್ತಕದಂಗಡಿಯ ಮಕ್ಕಳ ಕಪಾಟಿನಲ್ಲಿ ಕಿತ್ತೂರು ಚೆನ್ನಮ್ಮನನ್ನು ಹುಡುಕುವುದಕ್ಕೆ ಅಕ್ಷರ ಬರಬೇಕಾಗಿಲ್ಲ. ಮುಂಗಾಲೆರಡನ್ನೂ ಮೇಲೆತ್ತಿ ನಿಂತ ಬಿಳಿ ಕುದುರೆ ಕಂಡರೆ ಸಾಕು, ಅದೇ ಪುಸ್ತಕ. ಕುದುರೆಯ ಮೇಲೆ ಕಚ್ಚೆ ಹಾಕಿ ಸೀರೆಯುಟ್ಟ ರಾಣಿ, ಬಲಗೈಯಲ್ಲಿ ಹಿರಿದ ಕತ್ತಿ, ಕಿವಿಯಲ್ಲಿ ಜುಮುಕಿ, ಮೂಗಿನಲ್ಲಿ ನತ್ತು. ಹಿಂದೆ ಕೋಟೆ, ಅದರ ಹಿಂದೆ ಕಿತ್ತಳೆ ಬಣ್ಣದ ಆಕಾಶ. ಕುದುರೆಯ ಕಾಲಡಿಯಲ್ಲಿ ಕೆಂಪು ಕೋಟಿನ ಬಿಳಿಯನೊಬ್ಬ ಟೋಪಿ ಹಾರಿಹೋಗಿ ಬಾಯಿ ತೆರೆದು ಬಿದ್ದಿರುತ್ತಾನೆ. ಪ್ರಕಾಶಕರು ಬೇರೆ, ಚಿತ್ರಕಾರರು ಬೇರೆ, ಬೆಲೆ ಬೇರೆ. ಕುದುರೆ ಮಾತ್ರ ಒಂದೇ.

ನಮ್ಮ ಶಾಲೆಯ ಗ್ರಂಥಾಲಯವೆಂಬ ಎರಡು ಕಬ್ಬಿಣದ ಬೀರುಗಳಲ್ಲಿ ಇಂಥವು ಮೂರಿವೆ. ನಾಲ್ಕನೆಯದನ್ನು ಪಕ್ಕದ ಮನೆಯ ಹುಡುಗಿಯ ಹುಟ್ಟುಹಬ್ಬಕ್ಕೆಂದು ನಾನೇ ಕೊಂಡೆ. ಕೊಡುವ ಮುಂಚೆ ಒಮ್ಮೆ ಓದಿ ನೋಡಿ, ಅದನ್ನು ನನ್ನಲ್ಲೇ ಇಟ್ಟುಕೊಂಡು ಅವಳಿಗೆ ಬಣ್ಣದ ಪೆನ್ಸಿಲ್ ಡಬ್ಬಿ ಕೊಟ್ಟೆ. ಈಗ ನಾಲ್ಕನ್ನೂ ಮೇಜಿನ ಮೇಲೆ ಸಾಲಾಗಿ ಹರಡಿಕೊಂಡು ಇದನ್ನು ಬರೆಯುತ್ತಿದ್ದೇನೆ. ಪುಸ್ತಕಗಳ ಹೆಸರು ಹೇಳುವುದಿಲ್ಲ. ಒಂದರಲ್ಲಿರುವ ಕೊರತೆಯೇ ಉಳಿದ ಮೂರರಲ್ಲೂ ಇರುವಾಗ ಒಬ್ಬರನ್ನು ಹಿಡಿದು ಬಯ್ಯುವುದು ನ್ಯಾಯವಲ್ಲ.

ಮೊದಲು ಒಳ್ಳೆಯದನ್ನು ಹೇಳಿಬಿಡುತ್ತೇನೆ. ಕುಂದಲಹಳ್ಳಿಯಂಥ ಊರಿನಲ್ಲಿ ಮಕ್ಕಳ ಕೈಯಲ್ಲಿ ಪಠ್ಯವಲ್ಲದ ಕನ್ನಡ ಪುಸ್ತಕ ಕಾಣುವುದೇ ಅಪರೂಪ. ಕೆರೆ, ಹೊಲ, ನಾಲ್ಕಾರು ಬೀದಿಗಳಿದ್ದ ಹಳ್ಳಿ ಇದು. ಈಗ ಸುತ್ತಲೂ ಸಾಫ್ಟ್‌ವೇರ್ ಕಂಪನಿಗಳು, ಅಪಾರ್ಟ್‌ಮೆಂಟುಗಳು. 2023ರ ಮಾರ್ಚಿನಿಂದ ತಲೆಯ ಮೇಲೆ ಮೆಟ್ರೊ. ನನ್ನ ತರಗತಿಯಲ್ಲಿ ಕೂರುವವರಲ್ಲಿ ಹೆಚ್ಚಿನವರು ಆ ಕಟ್ಟಡಗಳನ್ನು ಕಟ್ಟಲು, ಗುಡಿಸಲು, ರಾತ್ರಿ ಕಾಯಲು ಬಂದವರ ಮಕ್ಕಳು. ರಾಯಚೂರು, ಯಾದಗಿರಿ, ಕಲಬುರಗಿ ಕಡೆಯವರು ಬಹಳ. ಕೆಲವರ ಮನೆಮಾತು ತೆಲುಗು, ಕೆಲವರದು ಉರ್ದು, ಮತ್ತೆ ಕೆಲವರದು ಹಿಂದಿ. ಇವರಲ್ಲಿ ತಡವರಿಸಿ ಓದುವ ಮಗುವೂ ಚೆನ್ನಮ್ಮನ ಪುಸ್ತಕವನ್ನು ಕೊನೆಯ ಪುಟದವರೆಗೆ ಓದುತ್ತದೆ. ದಪ್ಪಕ್ಷರ, ಪುಟಕ್ಕೆ ಮೂರು ನಾಲ್ಕು ಸಾಲು, ಉಳಿದದ್ದೆಲ್ಲ ಚಿತ್ರ. ಒತ್ತಕ್ಷರ ಬಂದಲ್ಲಿ ಎಡವಿದರೂ ಚಿತ್ರ ಕೈಹಿಡಿದು ಮುಂದಿನ ಪುಟಕ್ಕೆ ಕರೆದೊಯ್ಯುತ್ತದೆ. ನಾನು ಹಾಕುವ ಯಾವ ಮನೆಗೆಲಸವೂ ಮಾಡಿಸಲಾಗದ್ದನ್ನು ಈ ಪುಟ್ಟ ಪುಸ್ತಕ ಮಾಡಿಸುತ್ತದೆ. ಇದು ಸಣ್ಣ ಉಪಕಾರವಲ್ಲ. ಆದ್ದರಿಂದಲೇ ಅದರಲ್ಲಿ ಏನಿದೆ, ಏನಿಲ್ಲ ಎಂದು ನೋಡುವುದು ಮುಖ್ಯ ಎನ್ನಿಸುತ್ತದೆ. ಎಷ್ಟೋ ಮಕ್ಕಳಿಗೆ ಕಿತ್ತೂರಿನ ಬಗ್ಗೆ ಅದೇ ಮೊದಲ ಪುಸ್ತಕ, ಅದೇ ಕೊನೆಯದು.

ಚಿತ್ರಗಳ ಮೂಲಕ ‘ಮಹಾಪುರುಷರ’ ಪರಿಚಯ ಮಾಡಿಸುವ ಕೆಲಸದಲ್ಲಿ (ಆ ಮಾತಿನಲ್ಲೇ ಚೆನ್ನಮ್ಮನಿಗೆ ಜಾಗವಿಲ್ಲ, ನೋಡಿ!) ಕನ್ನಡ ಹಿಂದೆ ಬಿದ್ದದ್ದೇನೂ ಅಲ್ಲ. ಮುಂಬಯಿಯ ಸರಕೆಂದು ನಾವೆಲ್ಲ ತಿಳಿದಿರುವ ಅಮರ ಚಿತ್ರ ಕಥೆಯ ಮೊದಲ ಹೆಜ್ಜೆ ನಮ್ಮ ಬೆಂಗಳೂರಿನದೇ. ಇಂಡಿಯಾ ಬುಕ್ ಹೌಸ್‌ನ ಬೆಂಗಳೂರು ಕಚೇರಿಯಲ್ಲಿದ್ದ ಜಿ. ಕೆ. ಅನಂತರಾಮ್ ಅವರ ಉತ್ಸಾಹದಿಂದ 1965ರಲ್ಲಿ ಅದು ಕನ್ನಡದಲ್ಲಿ ಶುರುವಾಯಿತು. ಮೊದಲ ಹತ್ತು ಪುಸ್ತಕಗಳು ಸಿಂಡ್ರೆಲಾ ಮುಂತಾದ ಪರದೇಶದ ಕಥೆಗಳು. ಆಮೇಲೆ ಕಾರ್ಕಳದಲ್ಲಿ ಹುಟ್ಟಿದ ಅನಂತ ಪೈ ಮುಂಬಯಿಯಲ್ಲಿ ಅದರ ಹೊಣೆ ಹೊತ್ತು, ಹನ್ನೊಂದನೆಯದಾಗಿ ‘ಕೃಷ್ಣ’ನನ್ನು ತಂದರು. ಅಲ್ಲಿಂದ ರಾಜರು, ರಾಣಿಯರು, ಸಂತರು ಸಾಲುಸಾಲಾಗಿ ಬಂದರು. ಇತ್ತ ನಮ್ಮಲ್ಲಿ 1970ರ ದಶಕದಲ್ಲಿ ಎಲ್. ಎಸ್. ಶೇಷಗಿರಿರಾಯರ ಸಂಪಾದಕತ್ವದಲ್ಲಿ ರಾಷ್ಟ್ರೋತ್ಥಾನದ ಭಾರತ-ಭಾರತಿ ಮಾಲೆ ಹೊರಟಿತು. ಐನೂರ ಹತ್ತು ಕಿರುಪುಸ್ತಕಗಳು! ನನ್ನ ತಲೆಮಾರಿನ ಎಷ್ಟೋ ಜನ ಇತಿಹಾಸ ಕಲಿತದ್ದು ಶಾಲೆಯಲ್ಲಲ್ಲ, ಆ ಜೇಬಿನಳತೆಯ ಪುಸ್ತಕಗಳಲ್ಲಿ. ಭಾರತ-ಭಾರತಿಯಲ್ಲಿ ಮಾತೇ ಮುಖ್ಯ. ಅಮರ ಚಿತ್ರ ಕಥೆಯಲ್ಲಿ ಚಿತ್ರವೇ ಮುಖ್ಯ. ಈಗಿನ ಚೆನ್ನಮ್ಮನ ಪುಸ್ತಕಗಳು ಎರಡನೆಯದರ ಮಕ್ಕಳು. ಅಲ್ಲಿ ಚಿತ್ರ ಏನು ಹೇಳುತ್ತದೋ ಮಗು ನಂಬುವುದು ಅದನ್ನೇ. ಪಕ್ಕದಲ್ಲಿ ಅಕ್ಷರ ಏನೇ ಹೇಳಲಿ.

ಹಾಗಾದರೆ ಚಿತ್ರ ಏನು ಹೇಳುತ್ತದೆ?

ಮೊದಲನೆಯದಾಗಿ, ರಾಣಿಗೆ ಇಪ್ಪತ್ತೈದು ವರ್ಷ ಎಂದು ಹೇಳುತ್ತದೆ. ನಾಲ್ಕು ಪುಸ್ತಕಗಳಲ್ಲೂ ಅಷ್ಟೇ. ಅಕ್ಷರದಲ್ಲಿ ಮಾತ್ರ, ಚೆನ್ನಮ್ಮ 1778ರಲ್ಲಿ ಬೆಳಗಾವಿಯ ಹತ್ತಿರದ ಕಾಕತಿಯಲ್ಲಿ ಹುಟ್ಟಿದಳೆಂದೂ, ಕಿತ್ತೂರಿನ ಕೋಟೆಯ ಮುಂದೆ ಥ್ಯಾಕರೆ ಸತ್ತದ್ದು 1824ರ ಅಕ್ಟೋಬರ್ 23ರಂದು ಎಂದೂ ಸರಿಯಾಗಿಯೇ ಇದೆ. ಒಂದು ದಿನ ಆರನೇ ತರಗತಿಯವರಿಗೆ ಈ ಎರಡು ಇಸವಿಗಳನ್ನು ಬೋರ್ಡಿನ ಮೇಲೆ ಬರೆದು ಕಳೆಯಲು ಹೇಳಿದೆ. ನಲವತ್ತಾರು. “ಅಷ್ಟೊಂದಾ ಮಿಸ್?” ಎಂದರು. ಮುಂದಿನ ಬೆಂಚಿನ ಹುಡುಗನೊಬ್ಬ ಒಮ್ಮೆ ಪುಸ್ತಕದ ರಕ್ಷಾಪುಟ ನೋಡಿದ, ಒಮ್ಮೆ ನನ್ನನ್ನು ನೋಡಿದ. ಅವನ ಮುಖದ ಮೇಲಿದ್ದ ಅನುಮಾನವನ್ನು ನಾನು ಮರೆಯಲಾರೆ. ನನ್ನ ಕೈಗೆ ಕತ್ತಿ ಕೊಟ್ಟರೆ ಹೇಗೆ ಕಾಣಬಹುದೆಂದು ಅವನು ಲೆಕ್ಕ ಹಾಕುತ್ತಿದ್ದಿರಬೇಕು.

ನಗುವ ಮಾತಲ್ಲ. ನಲವತ್ತಾರು ಎಂದರೆ ಆ ಕಾಲಕ್ಕೆ ಹಿರಿಯ ಹೆಂಗಸು. ಮೊಣಕಾಲು ನೋವು ಬಂದಿರಬಹುದು, ಮುಂದಲೆ ನರೆತಿರಬಹುದು. ಸೊಸೆಯಂದಿರು ಮನೆಗೆ ಬಂದಿದ್ದರು. ಮೂವತ್ತು ವರ್ಷಗಳ ಸಂಸಾರ, ಅರಮನೆಯ ಒಳಜಗಳ, ಪೇಶ್ವೆಯ ಕಾಟ, ಆಮೇಲೆ ಕಂಪನಿಯ ಲೆಕ್ಕಾಚಾರ ಇವೆಲ್ಲವನ್ನೂ ಕಂಡುಂಡ ಹೆಂಗಸು ಅವಳು. ಅಂಥವಳು ‘ಆಗದು’ ಎಂದಾಗ ಆ ಮಾತಿಗೆ ಬರುವ ತೂಕವೇ ಬೇರೆ. ಬಿಸಿರಕ್ತದ ಯುವತಿ ಹೇಳಿದ್ದಕ್ಕಿಂತ ಅದು ಹೆಚ್ಚಿನದು ಎಂದು ನಾನು ವಾದಿಸುವುದಿಲ್ಲ. ಬೇರೆ ಎಂದಷ್ಟೇ ಹೇಳುತ್ತೇನೆ. ಚಿತ್ರಕಾರರು ಆಕೆಯ ಇಪ್ಪತ್ತು ವರ್ಷಗಳನ್ನು ಒರೆಸಿಹಾಕಿದಾಗ ಆ ಬೇರೆತನವೂ ಒರೆಸಿಹೋಯಿತು.

ಆ ಎಳೆಯ ಮುಖ ಎಲ್ಲಿಂದ ಬಂತೆಂಬುದು ಗುಟ್ಟಲ್ಲ. 1961ರಲ್ಲಿ ಬಿ. ಆರ್. ಪಂತುಲು ಅವರ ಸಿನಿಮಾ ಬಂತು. ರಾಜಕುಮಾರ್ ಮಲ್ಲಸರ್ಜ, ಬಿ. ಸರೋಜಾದೇವಿ ಚೆನ್ನಮ್ಮ. 2025ರ ಜುಲೈನಲ್ಲಿ ಆ ಮಹಾನಟಿ ತೀರಿಕೊಂಡಾಗ ಟಿವಿಯಲ್ಲಿ ಮತ್ತೆ ಮತ್ತೆ ತೋರಿಸಿದ್ದು ಆ ದರ್ಬಾರಿನ ದೃಶ್ಯವನ್ನೇ. ಕಪ್ಪದ ಆ ಸಂಭಾಷಣೆ ಗೊತ್ತಿಲ್ಲದ ಕನ್ನಡಿಗರಿಲ್ಲ. ನನಗೂ ಅದು ಬಾಯಿಪಾಠ, ಈಗಲೂ ಕೇಳಿದರೆ ಮೈ ಜುಮ್ಮೆನ್ನುತ್ತದೆ. ಆದರೆ ಅದು ಸಿನಿಮಾದ ಮಾತು. ಅದನ್ನು ಹಾಗೆಯೇ ಎತ್ತಿ ರಾಣಿಯೇ ನುಡಿದಳೆಂಬಂತೆ ಮಕ್ಕಳ ಜೀವನಚರಿತ್ರೆಯೊಳಗೆ ಕೂರಿಸುವುದು ಸರಿಯೇ? ನಾಲ್ಕರಲ್ಲಿ ಮೂರು ಪುಸ್ತಕಗಳು ಸ್ವಲ್ಪ ಹೆಚ್ಚುಕಡಿಮೆ ಮಾಡಿ ಕೂರಿಸಿವೆ. ರಾಜ್ಯೋತ್ಸವಕ್ಕೆ, ಆಗಸ್ಟ್ ಹದಿನೈದಕ್ಕೆ ನಮ್ಮ ವೇದಿಕೆಯ ಮೇಲೆ ವರ್ಷವೂ ನಾಲ್ಕೈದು ಚೆನ್ನಮ್ಮರು ಬರುತ್ತಾರೆ. ಬಾಡಿಗೆ ಅಂಗಡಿಯ ಝರಿ ಸೀರೆ, ಬೆಳ್ಳಿ ಕಾಗದ ಸುತ್ತಿದ ರಟ್ಟಿನ ಕತ್ತಿ, ಉಸಿರು ಬಿಗಿಹಿಡಿದು ಒಪ್ಪಿಸುವ ಅದೇ ಸಂಭಾಷಣೆ. ಚಪ್ಪಾಳೆಯಾದ ಮೇಲೆ “ಆಮೇಲೆ ಏನಾಯ್ತು ಪುಟ್ಟಿ?” ಎಂದು ಕೇಳಿ ನೋಡಿ. “ಆಮೇಲೆ ಯುದ್ಧ ಆಯ್ತು” ಎನ್ನುತ್ತವೆ, ಓಡುತ್ತವೆ.

ಎರಡನೆಯದು ಹಣೆಯ ವಿಚಾರ. ಇದನ್ನು ಬರೆಯಲೋ ಬೇಡವೋ ಎಂದು ಸ್ವಲ್ಪ ಯೋಚಿಸಿದೆ.

ಮಲ್ಲಸರ್ಜ ತೀರಿಕೊಂಡದ್ದು 1816ರಲ್ಲಿ. ಕಿತ್ತೂರಿನ ಕದನ ನಡೆದಾಗ ಚೆನ್ನಮ್ಮ ಗಂಡನನ್ನು ಕಳೆದುಕೊಂಡು ಎಂಟು ವರ್ಷಗಳಾಗಿದ್ದವು. ನಾಲ್ಕೂ ಪುಸ್ತಕಗಳಲ್ಲಿ ದೊರೆ ಹಾಸಿಗೆಯ ಮೇಲೆ ಮಲಗಿರುವ, ರಾಣಿ ಕಣ್ಣೀರೊರೆಸುವ ಒಂದು ಚೌಕವಿದೆ. ಪುಟ ತಿರುಗಿಸಿದರೆ ಮತ್ತೆ ಅದೇ ಕಾಸಿನಗಲ ಕುಂಕುಮ, ಅದೇ ಹಸಿರು ಬಳೆ. ದೊಡ್ಡವರಿಗೆ ಇದು ಕಣ್ಣಿಗೆ ಬೀಳುವುದಿಲ್ಲ. ಚಿತ್ರದ ರಾಣಿಗೆ ಅಲಂಕಾರ ಇದ್ದೇ ಇರಬೇಕಲ್ಲ ಎಂದುಕೊಂಡು ಮುಂದೆ ಹೋಗುತ್ತೇವೆ. ಕಣ್ಣಿಗೆ ಬಿದ್ದದ್ದು ನನ್ನ ತರಗತಿಯ ಒಬ್ಬ ಹುಡುಗಿಗೆ. ಯಾದಗಿರಿ ಕಡೆಯವಳು. ತಂದೆ ಕಟ್ಟಡದ ಕೆಲಸದಲ್ಲಿದ್ದಾಗ ಬಿದ್ದು ತೀರಿಕೊಂಡಿದ್ದರು. ತಾಯಿ ಹತ್ತಿರದ ಅಪಾರ್ಟ್‌ಮೆಂಟಿನಲ್ಲಿ ನೆಲ ಒರೆಸುವ ಕೆಲಸಕ್ಕೆ ಹೋಗುತ್ತಾಳೆ. ಹುಡುಗಿ ಪುಸ್ತಕ ಹಿಡಿದು ನನ್ನ ಮೇಜಿನ ಹತ್ತಿರ ಬಂದು, ಯಾರಿಗೂ ಕೇಳಿಸದಂತೆ, “ಟೀಚರ್ರೀ, ರಾಣಿ ಗಂಡ ಸತ್ತ ಮ್ಯಾಲೂ ಕುಂಕುಮ ಹಚ್ಕೋತಿದ್ಲೇನ್ರೀ?” ಎಂದಳು.

ಏನು ಹೇಳಬೇಕು? “ಈ ಚಿತ್ರ ಬರೆದವರು ರಾಣಿಯನ್ನು ಕಣ್ಣಾರೆ ನೋಡಿದವರಲ್ಲ, ಅವರಿಗೆ ತೋಚಿದಂತೆ ಬರೆದಿದ್ದಾರೆ. ವಿಭೂತಿ ಹಚ್ಚಿಕೊಳ್ಳುತ್ತಿದ್ದಿರಬಹುದು” ಎಂದೆ. “ನಮ್ಮವ್ವನೂ ವಿಭೂತಿ ಹಚ್ಕೋತಾಳ್ರಿ” ಎಂದಳು. ಅಷ್ಟೇ. ಪುಸ್ತಕ ತೆಗೆದುಕೊಂಡು ತನ್ನ ಜಾಗಕ್ಕೆ ಹೋಗಿ ಕೂತಳು.

ಗಂಡ ಸತ್ತವಳು ಬಣ್ಣ ಉಡಬಾರದು, ಕುಂಕುಮ ಇಡಬಾರದು ಎಂಬ ಕಟ್ಟಳೆಯ ಪರವಾಗಿ ನಾನು ಮಾತಾಡುತ್ತಿಲ್ಲ. ಓದುವ ನೀವು ಹಾಗೆ ತಿಳಿಯಬೇಡಿ. ಇಡುವವರು ಇಟ್ಟುಕೊಳ್ಳಲಿ, ನೂರು ವರ್ಷ ಇಟ್ಟುಕೊಳ್ಳಲಿ. ನನ್ನ ತಕರಾರು ಬೇರೆ. ಚಿತ್ರಕಾರರು ರಾಣಿಯ ಹಣೆಗೆ ಕುಂಕುಮ ಇಟ್ಟದ್ದು ಆ ಕಟ್ಟಳೆಯನ್ನು ಮುರಿಯಬೇಕೆಂದಲ್ಲ. ವಿಧವೆಯನ್ನು ರಕ್ಷಾಪುಟದ ಮೇಲೆ ಹಾಕಿದರೆ ಚೆನ್ನಾಗಿ ಕಾಣುವುದಿಲ್ಲ ಎಂದು. ಅಂದರೆ ಕಟ್ಟಳೆಗೆ ಹೆದರಿಯೇ. ಶುಭಕಾರ್ಯದಲ್ಲಿ ಹಿಂದಿನ ಸಾಲಿಗೆ ಸರಿಯುವ, ಆರತಿ ತಟ್ಟೆ ಮುಟ್ಟದ ಹೆಂಗಸರು ನಮ್ಮ ನಿಮ್ಮ ಮನೆಗಳಲ್ಲಿ ಇಂದಿಗೂ ಇದ್ದಾರೆ. ಅಂಥವಳೊಬ್ಬಳು ಒಂದು ಸಂಸ್ಥಾನವನ್ನೇ ತನ್ನ ಹೆಗಲ ಮೇಲೆ ಹೊತ್ತಿದ್ದಳು. ಈ ಒಂದು ಸಂಗತಿಯನ್ನು ಚಿತ್ರದಲ್ಲಿ ತೋರಿಸುವುದಕ್ಕೆ ಒಂದು ಬೊಟ್ಟು ಬಣ್ಣ ಕಡಿಮೆ ಮಾಡಿದ್ದರೆ ಸಾಕಿತ್ತು.

ಇನ್ನು ಕಾಗದಪತ್ರದ ವಿಷಯ. ಕಿತ್ತೂರಿನ ಜಗಳ ಶುರುವಾದದ್ದು ಕತ್ತಿಯಿಂದಲ್ಲ, ದತ್ತು ಪತ್ರದಿಂದ. 1824ರ ಸೆಪ್ಟೆಂಬರಿನಲ್ಲಿ ಪಟ್ಟದಲ್ಲಿದ್ದ ಶಿವಲಿಂಗರುದ್ರಸರ್ಜ ಮಕ್ಕಳಿಲ್ಲದೆ ತೀರಿಕೊಂಡ. ಶಿವಲಿಂಗಪ್ಪನೆಂಬುವನನ್ನು ದತ್ತು ತೆಗೆದುಕೊಂಡದ್ದನ್ನು ಧಾರವಾಡದ ಕಲೆಕ್ಟರ್ ಥ್ಯಾಕರೆ ಒಪ್ಪಲಿಲ್ಲ. (ಈತ ಇಂಗ್ಲಿಷ್ ಕಾದಂಬರಿಕಾರ ಥ್ಯಾಕರೆಯ ಚಿಕ್ಕಪ್ಪನಂತೆ. ಕಾಲೇಜಿನಲ್ಲಿ ಆ ಕಾದಂಬರಿಯ ಸಾರಾಂಶ ಉರುಹೊಡೆದಾಗ ಇದನ್ನು ಯಾರೂ ನಮಗೆ ಹೇಳಲಿಲ್ಲ.) ದತ್ತು ಪತ್ರದ ಮೇಲೆಯೇ ಅವನಿಗೆ ಅನುಮಾನ. ಖಜಾನೆಗೆ ಮೊಹರು ಹಾಕಿಸಿದ. ಚೆನ್ನಮ್ಮ ಏನು ಮಾಡಿದಳು? ಕುದುರೆ ಹತ್ತಲಿಲ್ಲ. ಮುಂಬಯಿಯ ಗವರ್ನರ್ ಎಲ್ಫಿನ್‌ಸ್ಟನ್‌ಗೆ ಪತ್ರ ಬರೆಸಿದಳು, ತನ್ನ ಹಕ್ಕನ್ನು ವಿವರಿಸಿ ಮನವಿ ಮಾಡಿದಳು. ಅದು ಫಲಿಸದೆ, ಥ್ಯಾಕರೆ ಫೌಜು ತೋಪುಗಳೊಂದಿಗೆ ಕೋಟೆಯ ಬಾಗಿಲಿಗೇ ಬಂದ ಮೇಲೆ ಕತ್ತಿಯ ಮಾತು ಬಂತು.

ಈ ಪತ್ರಗಳಿಗೆ ನಾಲ್ಕು ಪುಸ್ತಕಗಳಲ್ಲಿ ಸಿಕ್ಕಿರುವ ಜಾಗ ಒಂದು ಸಾಲು. ಎರಡರಲ್ಲಿ ಅದೂ ಇಲ್ಲ. ಚಿತ್ರವಂತೂ ಒಂದರಲ್ಲೂ ಇಲ್ಲ. ರಾಣಿ ಪುಟಪುಟಕ್ಕೂ ಗರ್ಜಿಸುತ್ತಾಳೆ, ಗುಡುಗುತ್ತಾಳೆ, ಕಿಡಿಕಾರುತ್ತಾಳೆ. ಒಮ್ಮೆಯೂ ಕೂತು ಯೋಚಿಸುವುದಿಲ್ಲ, ಇನ್ನೊಬ್ಬರ ಮಾತು ಕೇಳಿಸಿಕೊಳ್ಳುವುದಿಲ್ಲ, ಕಾಗದ ಬರೆಸುವುದಿಲ್ಲ. ಸಾಲದೆಂಬಂತೆ ಒಂದರಲ್ಲಿ ಇದೆಲ್ಲಕ್ಕೂ ಡಾಲ್‌ಹೌಸಿಯ ಕಾನೂನು ಕಾರಣ ಎಂದು ಬರೆದಿದ್ದಾರೆ. ಡಾಲ್‌ಹೌಸಿ ಗವರ್ನರ್ ಜನರಲ್ ಆಗಿ ಬಂದದ್ದು 1848ರಲ್ಲಿ, ಕಿತ್ತೂರಿನ ಕದನವಾಗಿ ಇಪ್ಪತ್ತನಾಲ್ಕು ವರ್ಷಗಳ ಮೇಲೆ. ದತ್ತು ಮಕ್ಕಳ ಹೆಸರಿನಲ್ಲಿ ರಾಜ್ಯ ನುಂಗುವ ಅವನ ನೀತಿಗೆ ಸಿಕ್ಕಿದ್ದು ಝಾನ್ಸಿ. ಕಿತ್ತೂರಿನವರು ಆ ನುಂಗುವ ಬಾಯನ್ನು ಅವನಿಗಿಂತ ಬಹಳ ಮೊದಲೇ ಕಂಡಿದ್ದರು. ಅದೇ ಅಲ್ಲವೇ ಮಕ್ಕಳಿಗೆ ಹೇಳಬೇಕಾದ ವಿಷಯ? ಇನ್ನೊಂದು ಪುಸ್ತಕದಲ್ಲಿ ರಾಣಿಯ ಬೆನ್ನಿಗೆ ಒಂದು ಮಗುವನ್ನೂ ಕಟ್ಟಿದ್ದಾರೆ. ಅದು ಲಕ್ಷ್ಮೀಬಾಯಿಯ ಚಿತ್ರ! ಕಿತ್ತೂರಿನ ಕಥೆಯಲ್ಲಿ ಅಂಥ ಪ್ರಸಂಗವೇ ಇಲ್ಲ. ಲಕ್ಷ್ಮೀಬಾಯಿ ಹುಟ್ಟಿದ್ದು 1828ರಲ್ಲಿ. ಅಷ್ಟರಲ್ಲಿ ಚೆನ್ನಮ್ಮ ಬೈಲಹೊಂಗಲದ ಕೋಟೆಯಲ್ಲಿ ಸೆರೆಯಾಳಾಗಿ ನಾಲ್ಕನೇ ವರ್ಷ ಕಳೆಯುತ್ತಿದ್ದಳು. ಚಿತ್ರಕಾರರಿಗೆ ರಾಣಿಯೆಂದರೆ ಒಬ್ಬಳೇ, ಹೆಸರಷ್ಟೇ ಬೇರೆ ಬೇರೆ.

ಪತ್ರ ಬರೆಯುವುದರಲ್ಲಿ ಮಕ್ಕಳಿಗೆ ರುಚಿಯಿಲ್ಲ ಎನ್ನಬಹುದು. ನಾನು ಪರೀಕ್ಷೆ ಮಾಡಿ ನೋಡಿದ್ದೇನೆ. ಪತ್ರಲೇಖನ ನಮ್ಮ ಕನ್ನಡ ಪಾಠದಲ್ಲಿ ಹೇಗೂ ಇದೆ. ರಜೆ ಕೋರಿ ಮುಖ್ಯೋಪಾಧ್ಯಾಯರಿಗೆ, ಬೀದಿದೀಪಕ್ಕಾಗಿ ಅಧಿಕಾರಿಗೆ ಬರೆಯುವ ಆ ಒಣ ಪತ್ರಗಳ ಬದಲು ಒಮ್ಮೆ, “ನೀವೇ ಚೆನ್ನಮ್ಮ, ಮುಂಬಯಿಯ ಗವರ್ನರಿಗೆ ಬರೆಯಿರಿ” ಎಂದೆ. ಮಾನ್ಯರೇ ಎಂದು ಶುರುಮಾಡಬೇಕೋ ಬೇಡವೋ ಎಂಬುದರ ಮೇಲೇ ಅರ್ಧ ಗಂಟೆ ವಾದವಾಯಿತು. ಶತ್ರುವಿಗೆ ಮಾನ್ಯರೇ ಎನ್ನಬಾರದು ಎಂದರು ಕೆಲವರು. ಕೆಲಸ ಆಗಬೇಕಾದರೆ ಅನ್ನಲೇಬೇಕು ಎಂದಳು ಒಬ್ಬಳು. ಅವಳ ತಾಯಿ ರೇಷನ್ ಕಾರ್ಡಿಗಾಗಿ ಆರು ತಿಂಗಳು ಅಲೆದವಳು. ‘ಈ ಮಗು ನಮ್ಮದು ಎಂದು ನಾವು ಹೇಳುತ್ತಿರುವಾಗ ಅಲ್ಲ ಎನ್ನಲು ನೀವು ಯಾರು’ ಎಂದು ಒಬ್ಬ ಹುಡುಗ ಬರೆದ. ಅವನು ಅಜ್ಜಿಯ ಮನೆಯಲ್ಲಿ ಬೆಳೆಯುತ್ತಿರುವವನು. ಆ ದಿನ ಯಾರೂ ಗಂಟೆ ಹೊಡೆದದ್ದಕ್ಕೆ ಏಳಲಿಲ್ಲ.

ಯುದ್ಧದ ಪುಟಗಳ ಬಗ್ಗೆ ಹೆಚ್ಚು ಹೇಳುವುದಿಲ್ಲ. ಚಿತ್ರ ಚೆನ್ನಾಗಿದೆ, ಬಣ್ಣ ಚೆನ್ನಾಗಿದೆ, ಕೋಟೆಯ ಬಾಗಿಲು ತೆರೆದು ಕಿತ್ತೂರಿನವರು ನುಗ್ಗುವ ಎರಡು ಪುಟದ ಚಿತ್ರವೊಂದು ನಿಜಕ್ಕೂ ಸೊಗಸಾಗಿದೆ. ಅಮಟೂರು ಬಾಳಪ್ಪನ ಗುಂಡಿಗೆ ಥ್ಯಾಕರೆ ಬೀಳುತ್ತಾನೆ, ಗಂಡುಮಕ್ಕಳು ಕೇಕೆ ಹಾಕುತ್ತಾರೆ. ಹಾಕಲಿ. ಆದರೆ ಆ ದಿನ ಇನ್ನೊಂದು ಸಂಗತಿ ನಡೆಯಿತು. ಸ್ಟೀವನ್‌ಸನ್, ಎಲಿಯಟ್ ಎಂಬ ಇಬ್ಬರು ಇಂಗ್ಲಿಷ್ ಅಧಿಕಾರಿಗಳು ಜೀವಂತ ಸೆರೆಸಿಕ್ಕರು. ತಮ್ಮ ಊರಿನ ಮೇಲೆ ತೋಪು ತಂದವರು. ಕಿತ್ತೂರಿನವರು ಅವರನ್ನು ಕೊಲ್ಲಲಿಲ್ಲ. ಸುಮಾರು ನಲವತ್ತು ದಿನ ಇಟ್ಟುಕೊಂಡು ಡಿಸೆಂಬರಿನ ಆರಂಭದಲ್ಲಿ ಬಿಟ್ಟುಬಿಟ್ಟರು. ಅವರಲ್ಲಿ ವಾಲ್ಟರ್ ಎಲಿಯಟ್‌ಗೆ ಆಗ ಇಪ್ಪತ್ತೊಂದು ವರ್ಷ. ಬದುಕಿಕೊಂಡ ಆ ಹುಡುಗ ಮುಂದೆ ನಮ್ಮ ನಾಡಿನ ಊರೂರುಗಳ ಕಲ್ಲುಬರಹಗಳನ್ನು ನಕಲು ಮಾಡಿಸುತ್ತ ಹೋದ. ಸುಮಾರು ಆರುನೂರು ಶಾಸನಗಳ ನಕಲನ್ನು ಕೂಡಿಹಾಕಿದ. ಚಾಲುಕ್ಯರ ಬಗ್ಗೆ ಇಂದು ಪಠ್ಯಪುಸ್ತಕದಲ್ಲಿ ಇರುವುದಕ್ಕೆ ಆತನ ಆ ಸಂಗ್ರಹವೂ ಒಂದು ತಳಹದಿ.

ಎಂಥ ಕಥೆ! ಸಿನಿಮಾದವರು ಕಟ್ಟಿದರೂ ಇಷ್ಟು ಚೆನ್ನಾಗಿ ಕಟ್ಟಲಾರರು. ಕಿತ್ತೂರಿನಲ್ಲಿ ಸಾಯದೆ ಉಳಿದವನು ಕನ್ನಡದ ಹಳೆಯ ಅಕ್ಷರಗಳನ್ನು ಉಳಿಸಿದ. ನಾಲ್ಕು ಪುಸ್ತಕಗಳಲ್ಲಿ ಒಂದೂ ಎಲಿಯಟ್‌ನ ಹೆಸರೆತ್ತುವುದಿಲ್ಲ. ಎತ್ತಿದರೆ ಕೆಂಪು ಕೋಟಿನವನಿಗೂ ಒಂದು ಮುಖ ಕೊಡಬೇಕಾಗುತ್ತದೆ. ಮುಖ ಕೊಟ್ಟರೆ ಕುದುರೆಯ ಕಾಲಡಿ ಅವನನ್ನು ಮಲಗಿಸುವುದು ಕಷ್ಟ. ಸೆರೆಯಾಳನ್ನು ಕೊಲ್ಲದೆ ಇರಿಸಿಕೊಂಡ ರಾಣಿ ಮಕ್ಕಳಿಗೆ ಸಪ್ಪೆಯಾಗುತ್ತಾಳೆಂದು ಯಾರು ತೀರ್ಮಾನಿಸಿದರೋ ತಿಳಿಯದು. ನಾನು ಈ ಕಥೆ ಹೇಳಿದಾಗಲೆಲ್ಲ ತರಗತಿ ನಿಶ್ಶಬ್ದವಾಗುತ್ತದೆ. “ಬಿಟ್ಟುಬಿಟ್ರೂ ಆಮೇಲೆ ಇಂಗ್ಲಿಷರು ಯಾಕೆ ಮಿಸ್ ಯುದ್ಧಕ್ಕೆ ಬಂದ್ರು?” ಎಂದು ಒಬ್ಬರಾದರೂ ಕೇಳುತ್ತಾರೆ. ಒಳ್ಳೆಯ ಪ್ರಶ್ನೆ. ಅದಕ್ಕೆ ಉತ್ತರ ಕೊಡಬೇಕಾದರೆ ಕಂಪನಿ ಎಂದರೇನು ಎಂಬಲ್ಲಿಂದ ಶುರುಮಾಡಬೇಕು, ಶುರುಮಾಡುತ್ತೇನೆ. (ಕುಂದಲಹಳ್ಳಿಯ ಮಕ್ಕಳಿಗೆ ಕಂಪನಿ ಎಂದರೆ ಗಾಜಿನ ಕಟ್ಟಡ, ಕ್ಯಾಬು, ಕೊರಳಿಗೆ ನೇತುಬಿಟ್ಟ ಗುರುತಿನ ಚೀಟಿ. ಒಂದು ಕಂಪನಿ ಸೈನ್ಯ ಇಟ್ಟುಕೊಂಡಿತ್ತು ಎಂದರೆ ಕಣ್ಣರಳಿಸುತ್ತವೆ.)

ಸೋಲನ್ನು ಈ ಪುಸ್ತಕಗಳು ಹೇಗೆ ನಿಭಾಯಿಸುತ್ತವೆ ಎಂಬುದನ್ನೂ ನೋಡಬೇಕು. ಡಿಸೆಂಬರಿನಲ್ಲಿ ಕಂಪನಿ ದೊಡ್ಡ ಫೌಜನ್ನು ಸುತ್ತಲಿಂದ ಕೂಡಿಸಿ ತಂದಿತು. ಆ ಕದನದಲ್ಲಿ ಸೊಲ್ಲಾಪುರದ ಸಬ್ ಕಲೆಕ್ಟರ್ ಮನ್ರೊ ಸತ್ತ, ಆದರೂ ಡಿಸೆಂಬರ್ ಐದರ ಹೊತ್ತಿಗೆ ಕೋಟೆ ಬಿತ್ತು. ಪುಸ್ತಕಗಳಲ್ಲಿ ಮಾತ್ರ ಕೋಟೆ ಬೀಳುವುದು ದ್ರೋಹಿಗಳಿಂದ. ಮದ್ದಿನ ಪುಡಿಗೆ ಸಗಣಿ ಬೆರೆಸುವ ಕಥೆಗೆ ಇಡೀ ಪುಟ, ಕಳ್ಳ ಮೀಸೆ, ಓರೆಗಣ್ಣು. ಜನಪದರಲ್ಲಿ ಆ ಕಥೆ ಉಳಿದುಬಂದಿದೆ, ಅದಕ್ಕೆ ಅದರದೇ ಕಾರಣಗಳಿವೆ, ತೆಗೆದುಹಾಕಿ ಎನ್ನುವುದಿಲ್ಲ. ಆದರೆ ಅದೊಂದೇ ಕಾರಣವೆಂದರೆ ಮಗು ಕಲಿಯುವುದೇನು? ನಮ್ಮವರಲ್ಲೊಬ್ಬ ಕೆಟ್ಟವನಿರದಿದ್ದರೆ ನಾವು ಎಂದೂ ಸೋಲುವುದಿಲ್ಲ ಎಂದು. ಆಟದಲ್ಲಿ ಸೋತು ಬಂದ ತಂಡ ಆ ದಿನವಿಡೀ ತನ್ನಲ್ಲೇ ದ್ರೋಹಿಯನ್ನು ಹುಡುಕುವುದನ್ನು ನಾನು ಬಯಲಿನಲ್ಲಿ ವರ್ಷವೂ ಕಾಣುತ್ತೇನೆ. ಎದುರಿಗಿರುವವರ ಬಲ ದೊಡ್ಡದು ಎಂದು ಗೊತ್ತಿದ್ದೂ ಬಾಗಿಲು ತೆರೆಯದೆ ನಿಂತರು ಎನ್ನುವುದು ಕಿತ್ತೂರಿನವರಿಗೆ ಹೆಚ್ಚು ಗೌರವ ತರುವ ಮಾತು.

ಆಮೇಲೆ ಬೈಲಹೊಂಗಲ. 1824ರ ಡಿಸೆಂಬರಿನಿಂದ 1829ರ ಫೆಬ್ರವರಿಯವರೆಗೆ, ನಾಲ್ಕು ವರ್ಷಕ್ಕೂ ಮಿಕ್ಕಿ. ಸೊಸೆಯಂದಿರೂ ಜೊತೆಗೆ ಸೆರೆಯಲ್ಲಿದ್ದರು. ಪುಸ್ತಕಗಳಲ್ಲಿ ಇದು ಕೊನೆಯ ಪುಟದ ಕೊನೆಯ ಸಾಲು. ಆ ಸಾಲಿನ ಮೇಲಿನ ಚಿತ್ರ ಏನು ಗೊತ್ತೇ? ಮತ್ತೆ ಕುದುರೆ! ಒಂದರಲ್ಲಿ ಆಕಾಶದಲ್ಲಿ ಮೋಡದ ನಡುವೆ. ರಾಯಣ್ಣ 1831ರಲ್ಲಿ ನಂದಗಡದಲ್ಲಿ ನೇಣಿಗೇರಿದ್ದಕ್ಕೂ ಅರ್ಧ ಸಾಲು. ಕಿಟಕಿಯ ಸರಳಿನ ಹಿಂದೆ ಕೂತ ಐವತ್ತರ ಹೆಂಗಸನ್ನು ಬರೆಯುವುದಕ್ಕೆ ಯಾರಿಗೂ ಕೈ ಬಂದಿಲ್ಲ.

ಇದೆಲ್ಲವನ್ನೂ ಸ್ಟಾಫ್ ರೂಮಿನಲ್ಲಿ ಹೇಳಿದಾಗ ನಮ್ಮ ಹಿಂದಿ ಮೇಡಂ ನಕ್ಕರು. “ಹತ್ತು ವರ್ಷದ ಮಕ್ಕಳಿಗೆ ಕುದುರೆ ಬೇಕ್ರೀ, ಕಾಗದಪತ್ರ ದೊಡ್ಡವರಾದ ಮೇಲೆ ಓದಿಕೊಳ್ಳಲಿ” ಎಂದರು. ಅವರ ಮಾತಿನಲ್ಲಿ ನಿಜವಿಲ್ಲದೆ ಇಲ್ಲ. ಕುದುರೆಯಿಲ್ಲದೆ ಮಗು ಪುಸ್ತಕ ತೆರೆಯುವುದೇ ಇಲ್ಲ ಎಂಬುದನ್ನು ನಾನೇ ಮೇಲೆ ಒಪ್ಪಿದ್ದೇನೆ. ಆದರೆ ‘ದೊಡ್ಡವರಾದ ಮೇಲೆ’ ಎಂಬುದು ನಮ್ಮ ಮಕ್ಕಳ ಪಾಲಿಗೆ ಬರುವುದಿಲ್ಲ ಎಂದು ಅವರಿಗೂ ಗೊತ್ತು. ಸದಾಶಿವ ಒಡೆಯರರು ಚೆನ್ನಮ್ಮನ ಬಗ್ಗೆ ಬರೆದ ದೊಡ್ಡ ಪುಸ್ತಕವನ್ನು ನ್ಯಾಷನಲ್ ಬುಕ್ ಟ್ರಸ್ಟ್ 1977ರಲ್ಲಿ ಪ್ರಕಟಿಸಿತು. ನನ್ನ ವಿದ್ಯಾರ್ಥಿಗಳಲ್ಲಿ ಎಷ್ಟು ಜನ ಮುಂದೆ ಅಂಥದ್ದನ್ನು ಕೈಗೆತ್ತಿಕೊಂಡಾರು? ಎಂಟನೇ ತರಗತಿಗೆ ಬಿಟ್ಟು ಕೆಲಸಕ್ಕೆ ಹೋಗುವವರೇ ಇದ್ದಾರೆ.

ಮಕ್ಕಳಿಗೆ ತಿಳಿಯುವಂತೆಯೇ, ಚಿತ್ರದಲ್ಲೇ, ಬೇರೆ ರೀತಿಯಲ್ಲಿ ಹೇಳಲು ಸಾಧ್ಯವಿದೆ ಎನ್ನುವುದಕ್ಕೆ ನನಗೆ ಸಿಕ್ಕ ಸಾಕ್ಷಿ ‘ಭೀಮಾಯಣ’. ಅಂಬೇಡ್ಕರರ ಬದುಕಿನ ಮೇಲಿನ ಈ ಇಂಗ್ಲಿಷ್ ಚಿತ್ರಪುಸ್ತಕವನ್ನು ನವಯಾನ 2011ರಲ್ಲಿ ತಂದಿತು. ಚಿತ್ರ ಬರೆದವರು ಮಧ್ಯಪ್ರದೇಶದ ಗೊಂಡ ಕಲಾವಿದರಾದ ದುರ್ಗಾಬಾಯಿ ವ್ಯಾಮ್, ಸುಭಾಷ್ ವ್ಯಾಮ್ ದಂಪತಿಗಳು. ಅದರಲ್ಲಿ ಚೌಕಗಳೇ ಇಲ್ಲ. ಜನರನ್ನು ಡಬ್ಬಿಯೊಳಗೆ ತುಂಬುವುದಿಲ್ಲ ಎಂದರಂತೆ. ಒಳ್ಳೆಯವರ ಮಾತು ಹಕ್ಕಿಯ ಆಕಾರದಲ್ಲಿ ಬರುತ್ತದೆ, ಕುಟುಕುವ ಮಾತಿಗೆ ಚೇಳಿನ ಕೊಂಡಿ ಇರುತ್ತದೆ. ಶಾಲೆಯಲ್ಲಿ ನೀರು ಮುಟ್ಟಲು ಬಿಡದ ಬಾಲಕನಿಂದ ಕಥೆ ಏಳುತ್ತದೆ. ಯುದ್ಧವಿಲ್ಲ, ಕುದುರೆಯಿಲ್ಲ, ಬಾಯಾರಿಕೆಯಿದೆ. ಅದನ್ನು ತರಗತಿಯಲ್ಲಿ ತೋರಿಸಿ ಕನ್ನಡದಲ್ಲಿ ಹೇಳುತ್ತ ಹೋದೆ. ಇಂಗ್ಲಿಷ್ ಒಂದಕ್ಷರ ಓದಲಾರದ ಮಕ್ಕಳು ಕೊಂಡಿಯನ್ನು ಕಂಡ ಕೂಡಲೇ “ಇವ್ನು ಬೈತಿದಾನೆ” ಎಂದುಬಿಟ್ಟರು. ಆ ಪುಸ್ತಕದ ಬೆಲೆ ನಮ್ಮ ಶಾಲೆಗಳ ಕೈಗೆಟುಕುವುದಲ್ಲ, ಅದು ಬೇರೆ ಮಾತು. ಚಿತ್ರಕಾರರಿಗೆ ನೋಡಲು ಬೇಕಾದಷ್ಟು ಇದೆ ಎಂದಷ್ಟೇ ನಾನು ಹೇಳುವುದು. ಕಿತ್ತೂರಿನ ಸುತ್ತ ಬೆಳಗಾವಿ, ಧಾರವಾಡದ ಹೆಂಗಸರ ಕಸೂತಿ ಇದೆ. ಗೋಪುರ, ತೇರು, ಆನೆ, ತುಳಸಿಕಟ್ಟೆ, ಎಲ್ಲವೂ ದಾರದಲ್ಲಿ. ಆ ಕಸೂತಿಯ ರೇಖೆಗಳಲ್ಲಿ ಚೆನ್ನಮ್ಮನ ಕಥೆ ಬರೆದರೆ ಹೇಗಿರುತ್ತದೆ ಎಂದು ಒಂದೊಂದು ಸಲ ಯೋಚಿಸುತ್ತೇನೆ. ಇಳಕಲ್ ಸೀರೆಯ ಸೆರಗು ತಲೆಯ ಮೇಲೆ ಹೊದ್ದು, ದೀಪದ ಮುಂದೆ ಕೂತು, ಕಾರಕೂನನಿಗೆ ಪತ್ರ ಹೇಳಿ ಬರೆಸುತ್ತಿರುವ ರಾಣಿ.

2024ರಲ್ಲಿ ಕಿತ್ತೂರಿನ ವಿಜಯಕ್ಕೆ ಇನ್ನೂರು ವರ್ಷ ತುಂಬಿತು. ಉತ್ಸವ ಜೋರಾಗಿಯೇ ನಡೆಯಿತು. ಆ ಹೊತ್ತಿಗೆ ಕೊಂಡದ್ದೇ ನಾನು ಮೊದಲು ಹೇಳಿದ ನಾಲ್ಕನೆಯ ಪುಸ್ತಕ, ಹುಟ್ಟುಹಬ್ಬಕ್ಕೆ ಕೊಡದೆ ಉಳಿಸಿಕೊಂಡದ್ದು. ಉಳಿದವುಗಳಲ್ಲಿರುವ ಕೊರತೆಯೆಲ್ಲ ಇದರಲ್ಲೂ ಇದೆ, ಬೆನ್ನಿಗೆ ಮಗು ಕಟ್ಟಿರುವುದೂ ಇದರಲ್ಲೇ. ಆದರೆ ಹಿಂಬದಿಯ ಒಳಪುಟದಲ್ಲಿ ಒಂದು ನಕ್ಷೆ ಕೊಟ್ಟಿದ್ದಾರೆ. ಕಾಕತಿ, ಕಿತ್ತೂರು, ಸಂಗೊಳ್ಳಿ, ಬೈಲಹೊಂಗಲ, ನಂದಗಡ, ಧಾರವಾಡ. ಪುಟ್ಟ ಪುಟ್ಟ ಕೋಟೆ, ಪುಟ್ಟ ಮರ. ಈ ಒಂದು ಪುಟಕ್ಕಾಗಿ ಅದನ್ನು ಶಾಲೆಗೆ ಒಯ್ದೆ. ಹುಡುಗರು ಕುದುರೆಯ ಪುಟಗಳನ್ನು ಐದು ನಿಮಿಷದಲ್ಲಿ ಮುಗಿಸಿ ನಕ್ಷೆಯ ಮೇಲೆ ಬಿದ್ದರು. ಥ್ಯಾಕರೆ ಧಾರವಾಡದಿಂದ ಕಿತ್ತೂರಿಗೆ ತೋಪು ಎಳೆಸಲು ಎಷ್ಟು ದಿನ ಹಿಡಿದಿರಬೇಕು? ಮುಂಬಯಿಗೆ ಪತ್ರ ಹೋಗಿ ಬರುವುದಕ್ಕೆ? ಉತ್ತರ ಬರುವವರೆಗೆ ರಾಣಿ ಏನು ಮಾಡುತ್ತಿದ್ದಳು? ಕಿತ್ತೂರಿನಿಂದ ಬೈಲಹೊಂಗಲಕ್ಕೆ ಅವಳನ್ನು ಹೇಗೆ ಕರೆದೊಯ್ದರು, ಮೇಣೆಯಲ್ಲೋ ಗಾಡಿಯಲ್ಲೋ? ರಾಣಿ ಚೆನ್ನಮ್ಮ ರೈಲಿನಲ್ಲಿ ಒಮ್ಮೆ ಹುಬ್ಬಳ್ಳಿಯವರೆಗೆ ಹೋಗಿಬಂದಿದ್ದವನೊಬ್ಬ ತಾನೇ ದಾರಿ ಬಲ್ಲವನಂತೆ ಬೆರಳಿಟ್ಟು ವಿವರಿಸತೊಡಗಿದ. ವಿಭೂತಿಯ ಮಾತು ಕೇಳಿದ ಹುಡುಗಿ ನಕ್ಷೆಯನ್ನು ತನ್ನ ನೋಟ್‌ಬುಕ್ಕಿಗೆ ಇಳಿಸಿಕೊಂಡಳು. ಬೈಲಹೊಂಗಲದ ಹತ್ತಿರ ಒಂದು ಸಣ್ಣ ಮನೆ ಬರೆದು, ಅದಕ್ಕೆ ಕಿಟಕಿ ಬರೆದಳು.